‘ಸಿಯೆರಾ 4 ಹತ್ತಿರ ಬರುತ್ತಿದ್ದೇವೆ’: ಲಿನಾಟೆ ರನ್‌ವೇ ಡಿಕ್ಕಿ, ಒಂದು ಪ್ರಕರಣ ಅಧ್ಯಯನ

2001ರ ಅಕ್ಟೋಬರ್ 8, ಸೋಮವಾರ. ಇಟಲಿಯ ಮಿಲಾನ್ ನಗರದ ಲಿನಾಟೆ ವಿಮಾನ ನಿಲ್ದಾಣವನ್ನು ಬೆಳಗಿನಿಂದಲೇ ಮಂಜು ಮುಚ್ಚಿತ್ತು. ಸ್ಥಳೀಯ ಸಮಯ 8 ಗಂಟೆ 8 ನಿಮಿಷ ಆಗಿದ್ದಾಗ, ಟ್ಯಾಕ್ಸಿ ಮಾಡುತ್ತಿದ್ದ, ಅಂದರೆ ನೆಲದ ಮೇಲೆ ಸಾಗುತ್ತಿದ್ದ, ಪುಟ್ಟ ಸೆಸ್ನಾ ಜೆಟ್‌ ಒಂದರ ಪೈಲಟ್, ನೆಲದ ಮೇಲಿನ ಓಡಾಟ ನಿಯಂತ್ರಿಸುವ ಗ್ರೌಂಡ್ ಕಂಟ್ರೋಲರ್‌ಗೆ ‘ಸಿಯೆರಾ 4 ಹತ್ತಿರ ಬರುತ್ತಿದ್ದೇವೆ’ ಎಂದು ತಿಳಿಸಿದರು. ಹೇಳಿದ್ದು ಪೂರ್ತಿ ನಿಜ. ವಿಮಾನ ಇದ್ದದ್ದು ಅಲ್ಲೇ. ಇನ್ನೆರಡು ನಿಮಿಷ ಕಳೆಯುವಷ್ಟರಲ್ಲಿ ಅದೇ ವಿಮಾನ ಮುಖ್ಯ ರನ್‌ವೇಯ ಮೇಲಿತ್ತು. ಟೇಕಾಫ್‌ಗೆಂದು ಓಡಿ ಬರುತ್ತಿದ್ದ ಎಂಡಿ-87 ಪ್ರಯಾಣಿಕ ಜೆಟ್ ಅದಕ್ಕೆ ಬಡಿದು 118 ಜನ ಸತ್ತರು.

ಈ ಅಪಘಾತದ ಮಾತು ಬಂದಾಗಲೆಲ್ಲ ‘ಸೆಸ್ನಾ ತಪ್ಪು ದಾರಿಗೆ ತಿರುಗಿತು’ ಎಂಬಲ್ಲಿಗೆ ಕತೆ ಮುಗಿಯುತ್ತದೆ. ದಾರಿ ತಪ್ಪಿದ್ದು ಹೌದು. ಆದರೆ ದಾರಿ ತಪ್ಪುವುದು ಟ್ಯಾಕ್ಸಿಯಲ್ಲಿ ಆಗುವಂಥದ್ದೇ, ಅನುಭವಿಗಳಿಗೂ ಆಗುತ್ತದೆ. ನಾವು ಇಲ್ಲಿ ಬಿಡಿಸಿ ನೋಡಬೇಕಾದದ್ದು, ದಾರಿ ತಪ್ಪಿದ ವಿಮಾನ ತಾನೆಲ್ಲಿದ್ದೇನೆಂದು ಬಾಯಿಬಿಟ್ಟು ಹೇಳಿದ ಮೇಲೂ ಅದಕ್ಕೆ ‘ಮುಂದೆ ಹೋಗಿ’ ಎಂಬ ಉತ್ತರ ಬಂದದ್ದು ಹೇಗೆ ಎಂಬುದನ್ನು.

ನೆಲದ ನಕ್ಷೆ

ಲಿನಾಟೆಯ ಮುಖ್ಯ ರನ್‌ವೇ ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಆವತ್ತು ಬಳಕೆಯಲ್ಲಿದ್ದದ್ದು 36ಆರ್, ಅಂದರೆ ದಕ್ಷಿಣದ ತುದಿಯಿಂದ ಉತ್ತರಕ್ಕೆ ಟೇಕಾಫ್. ಪ್ರಯಾಣಿಕ ವಿಮಾನಗಳ ಏಪ್ರನ್ (ವಿಮಾನ ನಿಲ್ಲುವ ಅಂಗಳ) ಮತ್ತು ರನ್‌ವೇಗೆ ಸಮಾನಾಂತರವಾದ ಮುಖ್ಯ ಟ್ಯಾಕ್ಸಿವೇ ರನ್‌ವೇಯ ಒಂದು ಪಕ್ಕಕ್ಕಿದ್ದರೆ, ಖಾಸಗಿ ಸಣ್ಣ ವಿಮಾನಗಳು ನಿಲ್ಲುವ ಪಶ್ಚಿಮ ಏಪ್ರನ್ ಇನ್ನೊಂದು ಪಕ್ಕಕ್ಕೆ. ಪಶ್ಚಿಮ ಏಪ್ರನ್‌ನಿಂದ ಹೊರಟ ವಿಮಾನ ಮುಖ್ಯ ಟ್ಯಾಕ್ಸಿವೇಗೆ ಬರಲು ಆಗ ಎರಡು ದಾರಿ. ಆರ್5 ಉತ್ತರಕ್ಕೆ ಹೋಗಿ, ರನ್‌ವೇಯ ಉತ್ತರದ ತುದಿಯಾಚೆ ಬಳಸಿಕೊಂಡು ಮುಖ್ಯ ಏಪ್ರನ್ ಸೇರುತ್ತದೆ. ಈ ದಾರಿಯಲ್ಲಿ ರನ್‌ವೇಗೆ ಚಕ್ರ ತಾಗುವುದಿಲ್ಲ. ಆರ್6 ಆಗ್ನೇಯಕ್ಕೆ ಹೋಗಿ ರನ್‌ವೇಯನ್ನೇ ಅಡ್ಡ ಹಾಯುತ್ತದೆ. ಎರಡೂ ಒಂದೇ ಕವಲಿನಿಂದ ಹೊರಡುತ್ತವೆ. ಎಡಕ್ಕೆ ತಿರುಗಿದರೆ ಆರ್5, ಬಲಕ್ಕೆ ಹೋದರೆ ಆರ್6.

ಆ ಕವಲಿನಲ್ಲಿ ದಾರಿ ತೋರಿಸಲು ಇದ್ದದ್ದು ನೆಲದ ಮೇಲಿನ ಹಳದಿ ಗುರುತುಗಳು. ಅವೂ ಸ್ಪಷ್ಟವಾಗಿರಲಿಲ್ಲ, ಅಂತಾರಾಷ್ಟ್ರೀಯ ಮಾನದಂಡಕ್ಕೆ ತಕ್ಕಂತೆಯೂ ಇರಲಿಲ್ಲ. ರನ್‌ವೇಯ ಮೇಲಿನ ಗೋಚರತೆ ಸುಮಾರು 200 ಮೀಟರ್. ಇದು ಕಾಕ್‌ಪಿಟ್‌ನಿಂದ ಹೇಗೆ ಕಾಣುತ್ತದೆಂದು ಲೆಕ್ಕ ಹಾಕೋಣ. ಇಷ್ಟು ಕಡಿಮೆ ಗೋಚರತೆಯಲ್ಲಿ ಕೆಲಸ ಮಾಡುವ ನಿಲ್ದಾಣಗಳಲ್ಲಿ ಟ್ಯಾಕ್ಸಿವೇಯ ಹಸಿರು ನಡುದೀಪಗಳ ನಡುವಿನ ಅಂತರ 15 ಮೀಟರ್ ಮೀರಬಾರದು. 200 ಮೀಟರ್ ಎಂದರೆ ಹೆಚ್ಚೆಂದರೆ ಹದಿಮೂರು ದೀಪ. 10 ನಾಟ್ ವೇಗದಲ್ಲಿ ವಿಮಾನ ಸೆಕೆಂಡಿಗೆ 5 ಮೀಟರ್ ಸಾಗುತ್ತದೆ. ಆ ಹದಿಮೂರೂ ದೀಪಗಳು 40 ಸೆಕೆಂಡಿನಲ್ಲಿ ಮೂಗಿನಡಿ ಸರಿದು ಹೋಗುತ್ತವೆ. ಕಟ್ಟಡವಿಲ್ಲ, ದಿಗಂತವಿಲ್ಲ, ಎದುರಿಗೆ ಹಸಿರು ಚುಕ್ಕೆಗಳ ಒಂದು ಸಾಲು ಮಾತ್ರ. ಕಣ್ಣು ಆ ಸಾಲನ್ನು ತಾನಾಗಿಯೇ ಹಿಂಬಾಲಿಸುತ್ತದೆ. ಆ ಸಾಲು ಯಾವ ದಾರಿಯದು ಎಂದು ದೀಪಗಳು ಹೇಳುವುದಿಲ್ಲ.

ಅದನ್ನು ಹೇಳಬಲ್ಲ ಉಪಕರಣ ಡ್ಯಾಶ್‌ಬೋರ್ಡಿನ ಮೇಲಿತ್ತು, ದಿಕ್ಸೂಚಿ. ಉತ್ತರಕ್ಕೆ ಹೋಗಬೇಕಾದ ವಿಮಾನ ಆಗ್ನೇಯಕ್ಕೆ ಮುಖ ಮಾಡಿದರೆ ಆ ವ್ಯತ್ಯಾಸ ಸಣ್ಣದಲ್ಲ. ಕವಲು ದಾಟಿದ ಪ್ರತಿ ಸಲವೂ ‘ನಕ್ಷೆ ಪ್ರಕಾರ ಈಗ ನಮ್ಮ ಮುಖ ಎತ್ತ ಇರಬೇಕು, ದಿಕ್ಸೂಚಿ ಎತ್ತ ತೋರಿಸುತ್ತಿದೆ’ ಎಂದು ಇಬ್ಬರೂ ಪೈಲಟ್‌ಗಳು ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿ ಇದ್ದರೆ, ಗುರುತುಗಳು ಎಷ್ಟೇ ಮಾಸಿದ್ದರೂ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಟ್ಯಾಕ್ಸಿಯಲ್ಲಿ ದಿಕ್ಸೂಚಿ ನೋಡುವುದನ್ನು ‘ಉಪಕರಣ ತಿರುಗುತ್ತಿದೆಯೇ’ ಎಂಬ ತಪಾಸಣೆಯಷ್ಟಕ್ಕೇ ಸೀಮಿತ ಮಾಡಿಕೊಂಡವರು ಬಹಳ. ಅದು ದಾರಿ ತೋರುವ ಉಪಕರಣವೂ ಹೌದು.

ರೀಡ್‌ಬ್ಯಾಕ್‌ನಲ್ಲಿ ಕಳೆದುಹೋದ ಎರಡು ಪದ

8 ಗಂಟೆ 5 ನಿಮಿಷದ ಹೊತ್ತಿಗೆ ಸೆಸ್ನಾಗೆ ಟ್ಯಾಕ್ಸಿ ಕ್ಲಿಯರೆನ್ಸ್, ಅಂದರೆ ಅನುಮತಿ, ಸಿಕ್ಕಿತು. ಅದರ ಕರೆಗುರುತು ಡೆಲ್ಟಾ ಇಂಡಿಯಾ ಎಕೋ ವಿಕ್ಟರ್ ಎಕ್ಸ್‌ರೇ; ಒಳಗಿದ್ದವರು ಇಬ್ಬರು ಪೈಲಟ್‌ಗಳು, ಇಬ್ಬರು ಪ್ರಯಾಣಿಕರು. ಹೋಗಬೇಕಿದ್ದದ್ದು ಪ್ಯಾರಿಸ್‌ನ ಲೆ ಬೂರ್ಜೆಗೆ. ಗ್ರೌಂಡ್ ಕಂಟ್ರೋಲರ್ ಕೊಟ್ಟ ಸೂಚನೆಯಲ್ಲಿ ನಾಲ್ಕು ಅಂಶಗಳಿದ್ದವು: ಉತ್ತರಕ್ಕೆ ಟ್ಯಾಕ್ಸಿ ಮಾಡಿ, ರೋಮಿಯೊ 5 (ಅಂದರೆ ಆರ್5) ಮೂಲಕ, ಗಾಳಿಯ ಒತ್ತಡ 1013, ಮುಖ್ಯ ರನ್‌ವೇಯ ಎಕ್ಸ್‌ಟೆನ್ಷನ್ ಬಳಿಯ ಸ್ಟಾಪ್‌ಬಾರ್‌ನಲ್ಲಿ (ಕೆಂಪು ದೀಪಗಳ ಅಡ್ಡಸಾಲಿನಲ್ಲಿ) ನಿಂತು ನನಗೆ ಕರೆ ಮಾಡಿ. ಪೈಲಟ್ ರೀಡ್‌ಬ್ಯಾಕ್‌ ಮಾಡಿದ್ದು, ಅಂದರೆ ಸೂಚನೆಯನ್ನು ತಿರುಗಿ ಹೇಳಿದ್ದು, ಹೀಗೆ: ರೋಮಿಯೊ 5 ಮೂಲಕ, 1013, ಮುಖ್ಯ ರನ್‌ವೇ ತಲುಪುವ ಮುನ್ನ ಕರೆ ಮಾಡುತ್ತೇವೆ.

ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಟ್ಯಾಕ್ಸಿವೇಯ ಹೆಸರು ಸರಿ, ಒತ್ತಡದ ಅಂಕಿ ಸರಿ. ಎರಡು ಪದ ಮಾತ್ರ ಜಾರಿಹೋಗಿವೆ, ‘ಉತ್ತರಕ್ಕೆ’ ಮತ್ತು ‘ಎಕ್ಸ್‌ಟೆನ್ಷನ್’. ಈ ಎರಡು ಪದಗಳೇ ಆರ್5 ಅನ್ನು ಆರ್6ರಿಂದ ಬೇರ್ಪಡಿಸುತ್ತಿದ್ದವು. ಎಕ್ಸ್‌ಟೆನ್ಷನ್ ಎಂದರೆ ರನ್‌ವೇ ಮುಗಿದ ಮೇಲೂ ಅದರ ನಡುಗೆರೆಯನ್ನು ಮುಂದಕ್ಕೆ ಎಳೆದರೆ ಬರುವ ಜಾಗ. ಆರ್5 ಅದನ್ನು ಹಾಯುತ್ತದೆ, ಅಲ್ಲೊಂದು ಕೆಂಪು ದೀಪಗಳ ಅಡ್ಡಸಾಲು ಇತ್ತು. ಆರ್6 ರನ್‌ವೇಯನ್ನೇ ಹಾಯುತ್ತದೆ, ಅದಕ್ಕೂ ಮುನ್ನ ಒಂದು ಕೆಂಪು ದೀಪಗಳ ಅಡ್ಡಸಾಲು ಇತ್ತು. ‘ಎಕ್ಸ್‌ಟೆನ್ಷನ್’ ಬಿಟ್ಟುಹೋದ ಕ್ಷಣ ಪೈಲಟ್‌ನ ಮನಸ್ಸಿನಲ್ಲಿ ಉಳಿಯುವ ಚಿತ್ರ, ರನ್‌ವೇಗೆ ಮುಂಚೆ ಎದುರಾಗುವ ಒಂದು ಕೆಂಪು ಸಾಲು. ಆ ಚಿತ್ರಕ್ಕೆ ಎರಡು ದಾರಿಗಳೂ ಒಪ್ಪುತ್ತವೆ. ಮುಂದೆ ಆರ್6ರ ಕೆಂಪು ಸಾಲು ಕಂಡಾಗ ‘ಹೌದು, ಹೇಳಿದ್ದು ಇದೇ’ ಎನಿಸುವುದು ಸಹಜ. ತಪ್ಪು ದಾರಿ ಸರಿದಾರಿಯ ರುಜು ಹಾಕಿಕೊಂಡು ಎದುರು ನಿಲ್ಲುವುದು ಹೀಗೆ.

ಕಂಟ್ರೋಲರ್ ಆ ರೀಡ್‌ಬ್ಯಾಕ್‌ ಅನ್ನು ತಿದ್ದಲಿಲ್ಲ. ರೀಡ್‌ಬ್ಯಾಕ್‌ಗೆ ಜೊತೆಯಾಗಿ ಇನ್ನೊಂದು ಕೆಲಸವಿದೆ, ಅದು ಕಿವಿಗೊಡುವುದು. ಪೈಲಟ್ ತಿರುಗಿ ಹೇಳಿದ್ದನ್ನು ಕಂಟ್ರೋಲರ್ ತಾನು ಕೊಟ್ಟ ಪದಗಳ ಜೊತೆಗೆ ಒಂದೊಂದಾಗಿ ತಾಳೆ ನೋಡಬೇಕು. ದಟ್ಟಣೆ ಇದ್ದಾಗ ಕಿವಿ ಸರಿಯಾದ ಪದಗಳನ್ನು ಹಿಡಿದು ತೃಪ್ತಿಪಡುತ್ತದೆ. ಇಲ್ಲದ ಪದ ಶಬ್ದ ಮಾಡುವುದಿಲ್ಲ. ಆದ್ದರಿಂದ ಕಂಟ್ರೋಲರ್‌ಗಳು ಕೇಳಬೇಕಾದದ್ದು ‘ಏನು ತಪ್ಪು ಹೇಳಿದರು’ ಎಂಬುದಕ್ಕಿಂತ ಮೊದಲು ‘ಏನು ಬಿಟ್ಟರು’ ಎಂಬುದನ್ನು. ಪೈಲಟ್‌ ಕಡೆಯಿಂದ ಇದಕ್ಕೆ ಪರಿಹಾರ ಕಾಗದ ಮತ್ತು ಪೆನ್ಸಿಲ್. ಕ್ಲಿಯರೆನ್ಸ್ ಬರುತ್ತಿರುವಾಗಲೇ ಬರೆದುಕೊಂಡು, ಬರೆದದ್ದನ್ನು ನೋಡಿ ಓದಬೇಕು. ಆಮೇಲೆ ಬ್ರೇಕ್ ಬಿಡುವ ಮುನ್ನ ನಕ್ಷೆಯ ಮೇಲೆ ಬೆರಳಿಟ್ಟು ಆ ದಾರಿಯನ್ನು ಎಳೆಯಬೇಕು: ಮೊದಲ ಕವಲು ಎಲ್ಲಿ, ಅಲ್ಲಿ ಎತ್ತ ತಿರುಗಬೇಕು, ತಿರುಗಿದ ಮೇಲೆ ಮುಖ ಎಷ್ಟು ಡಿಗ್ರಿಗೆ ಬರಬೇಕು, ಈ ದಾರಿಯಲ್ಲಿ ರನ್‌ವೇ ಅಡ್ಡ ಬರುತ್ತದೆಯೇ. ಕೊನೆಯ ಪ್ರಶ್ನೆಗೆ ಆವತ್ತಿನ ಸರಿಯುತ್ತರ ‘ಬರುವುದಿಲ್ಲ’. ಅದು ಮನಸ್ಸಿನಲ್ಲಿ ಕೂತಿದ್ದರೆ ರನ್‌ವೇಯ ಗುರುತುಗಳು ಕಂಡೊಡನೆ ಕಾಲು ಬ್ರೇಕಿಗೆ ಹೋಗುತ್ತದೆ.

ನಕ್ಷೆಯಲ್ಲಿಲ್ಲದ ಗುರುತು

ಸೆಸ್ನಾ ಬಲಕ್ಕೆ, ಆರ್6ಕ್ಕೆ ಹೋಯಿತು. ದಾರಿಯಲ್ಲಿ ನೆಲದ ಮೇಲೆ ಹಳದಿ ಬಣ್ಣದಲ್ಲಿ ಎಸ್4 ಎಂದು ಬರೆದಿತ್ತು; ರೇಡಿಯೊದಲ್ಲಿ ಅದೇ ಸಿಯೆರಾ 4. ಪೈಲಟ್ ಅದನ್ನು ಓದಿ ವರದಿ ಮಾಡಿದರು. ಇಡೀ ಪ್ರಕರಣದ ತಿರುವು ಇಲ್ಲಿದೆ.

ಎಸ್4 ಆರ್6ರ ಮೇಲೆ ಮಾತ್ರ ಇದ್ದ ಗುರುತು. ಆ ಒಂದು ಮಾತಿನಲ್ಲಿ ‘ನಾವು ತಪ್ಪು ದಾರಿಯಲ್ಲಿದ್ದೇವೆ’ ಎಂಬ ಸುದ್ದಿ ಅಡಗಿತ್ತು. ಆದರೆ ಎಸ್4 ಯಾವ ಅಧಿಕೃತ ನಕ್ಷೆಯಲ್ಲೂ ಇರಲಿಲ್ಲ. ಪೈಲಟ್‌ಗಳ ಕೈಯಲ್ಲಿದ್ದ ಚಾರ್ಟಿನಲ್ಲಿಲ್ಲ, ಕಂಟ್ರೋಲರ್ ಎದುರಿನ ಹಾಳೆಯಲ್ಲಿಲ್ಲ. ನೆಲದ ಮೇಲೆ ಬಣ್ಣದಲ್ಲಿದ್ದ ಹೆಸರು ಅದನ್ನು ಬಳಸಬೇಕಾದ ಇಬ್ಬರಿಗೂ ಗೊತ್ತಿಲ್ಲದ ಹೆಸರು.

ಕಂಟ್ರೋಲರ್ ಸ್ಥಾನವನ್ನು ಖಚಿತಪಡಿಸಿ ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ರನ್‌ವೇ ಹತ್ತಿರ ಬರುತ್ತಿದ್ದೇವೆ, ಸಿಯೆರಾ 4 ಎಂದು ಉತ್ತರ ಬಂತು. ಸ್ಟಾಪ್‌ಬಾರ್‌ನಲ್ಲಿ ನಿಲ್ಲಿ, ನಾನೇ ಕರೆಯುತ್ತೇನೆ ಎಂದರು ಕಂಟ್ರೋಲರ್. ಅವರ ಮನಸ್ಸಿನ ಚಿತ್ರದಲ್ಲಿ ಸೆಸ್ನಾ ಆರ್5ರ ಮೇಲೆ, ಎಕ್ಸ್‌ಟೆನ್ಷನ್‌ನ ಸ್ಟಾಪ್‌ಬಾರ್ ಕಡೆಗೆ ಸಾಗುತ್ತಿತ್ತು. ತಿಳಿಯದ ಒಂದು ಹೆಸರು ಆ ಚಿತ್ರವನ್ನು ಒಡೆಯುವ ಬದಲು ಅದರೊಳಗೇ ಎಲ್ಲೋ ಕೂತುಬಿಟ್ಟಿತು. ಸ್ವಲ್ಪ ಹೊತ್ತಿನಲ್ಲೇ, 8 ಗಂಟೆ 9 ನಿಮಿಷದ ಸುಮಾರಿಗೆ, ಮುಖ್ಯ ಏಪ್ರನ್ ಮೇಲೆ ಟ್ಯಾಕ್ಸಿ ಮುಂದುವರಿಸಿ, ಆಲ್ಫಾ ಗೆರೆ ಹಿಡಿದು ಹೋಗಿ ಎಂಬ ಸೂಚನೆ ಬಂತು. ಆರ್5ರ ಮೇಲಿನ ವಿಮಾನಕ್ಕೆ ಈ ಸೂಚನೆ ಸರಿ; ಅದರ ಮುಂದೆ ಮುಖ್ಯ ಏಪ್ರನ್ ಇರುತ್ತದೆ. ಆರ್6ರ ಮೇಲೆ ನಿಂತ ವಿಮಾನದ ಮುಂದೆ ಇದ್ದದ್ದು ರನ್‌ವೇ. ಪೈಲಟ್ ಸೂಚನೆಯನ್ನು ತಿರುಗಿ ಹೇಳಿದರು, ಮುಖ್ಯ ಟ್ಯಾಕ್ಸಿವೇ ಮುಟ್ಟಿದಾಗ ಕರೆಯುತ್ತೇವೆ ಎಂದರು, ಹೊರಟರು.

ಈ ಸೂಚನೆಯಲ್ಲಿ ‘ರನ್‌ವೇ ದಾಟಿ’ ಎಂಬ ಮಾತು ಇರಲಿಲ್ಲ. ದಾಟುವ ಅನುಮತಿ ಎಂದರೆ ಯಾವ ರನ್‌ವೇ ಎಂಬ ಅಂಕಿಯ ಸಮೇತ, ಬಿಡಿಸಿ ಹೇಳಿದ ಮಾತು. ‘ಟ್ಯಾಕ್ಸಿ ಮುಂದುವರಿಸಿ’ ಎಂಬುದರೊಳಗೆ ಅದು ಸೇರಿರುವುದಿಲ್ಲ. ಅಮೆರಿಕದಲ್ಲಿ ಬಹಳ ಕಾಲ, ರನ್‌ವೇ ತನಕ ಟ್ಯಾಕ್ಸಿ ಮಾಡಿ ಎಂದರೆ ನಡುವೆ ಬರುವ ಬೇರೆ ರನ್‌ವೇಗಳನ್ನು ದಾಟಲೂ ಅನುಮತಿ ಎಂಬ ಅರ್ಥವಿತ್ತು. 2010ರ ಜೂನ್ 30ರಿಂದ ಅಲ್ಲಿಯೂ ಪ್ರತಿ ರನ್‌ವೇಗೆ ಪ್ರತ್ಯೇಕ ಅನುಮತಿ ಬೇಕೇ ಬೇಕು ಎಂದಾಯಿತು. ದಾಟುವ, ಒಳಹೋಗುವ, ಮುಂಚೆಯೇ ನಿಲ್ಲುವ ಸೂಚನೆಗಳನ್ನು ರನ್‌ವೇ ಅಂಕಿ ಮತ್ತು ಕರೆಗುರುತಿನೊಂದಿಗೆ ಪೂರ್ತಿ ತಿರುಗಿ ಹೇಳಲೇಬೇಕು. ‘ರೋಜರ್’ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ. ಅದನ್ನು ಅನುಮತಿಗೆ ಉತ್ತರವಾಗಿ ಹೇಳಲೂಬಾರದು, ಹೇಳಿದರೆ ಕಂಟ್ರೋಲರ್ ಒಪ್ಪಲೂಬಾರದು.

ಸ್ಥಾನ ವರದಿಗೂ ಇದೇ ಶಿಸ್ತು ಬೇಕು. ವರದಿಯಲ್ಲಿ ಬಂದ ಹೆಸರು ಕೇಳಿದವರ ನಕ್ಷೆಯಲ್ಲಿ ಇಲ್ಲದಿದ್ದರೆ, ಆ ವಿಮಾನ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂದೇ ಲೆಕ್ಕ. ಆಗ ಕೊಡಬೇಕಾದ ಸೂಚನೆ ಒಂದೇ: ಇದ್ದಲ್ಲೇ ನಿಲ್ಲಿ. ನಿಂತ ಮೇಲೆ ಕೇಳಬೇಕಾದ ಪ್ರಶ್ನೆಗಳು ಬೇರೆ ಥರದವು. ನಿಮ್ಮ ಮುಖ ಎಷ್ಟು ಡಿಗ್ರಿಗಿದೆ? ಕೊನೆಯ ಕವಲಿನಲ್ಲಿ ಎಡಕ್ಕೆ ಹೋದಿರೋ ಬಲಕ್ಕೋ? ಎದುರಿಗೆ ಕೆಂಪು ಹಲಗೆ ಕಾಣುತ್ತಿದೆಯೇ, ಅದರ ಮೇಲೆ ಯಾವ ಅಂಕಿ ಇದೆ? ‘ಆಗ್ನೇಯ’ ಎಂಬ ಒಂದೇ ಉತ್ತರ ಸಾಕಿತ್ತು. ‘ಸ್ಥಾನ ಖಚಿತಪಡಿಸಿ’ ಎಂದು ಕೇಳಿದರೆ ಪೈಲಟ್ ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಏಕೆಂದರೆ ಅವರ ಮಟ್ಟಿಗೆ ಅದು ಸರಿ. ಬೇರೆ ದಾರಿಯಿಂದ ಕೇಳಿದ ಪ್ರಶ್ನೆಗೆ ಮಾತ್ರ ಬೇರೆ ಉತ್ತರ ಬರುತ್ತದೆ.

ಸದಾ ಉರಿಯುವ ಕೆಂಪು ದೀಪ

ಸ್ಟಾಪ್‌ಬಾರ್ ಎಂದರೆ ಟ್ಯಾಕ್ಸಿವೇಗೆ ಅಡ್ಡಲಾಗಿ, ಒಂದಕ್ಕೊಂದು 3 ಮೀಟರಿಗಿಂತ ಹೆಚ್ಚು ದೂರವಿಲ್ಲದಂತೆ ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳು. ಕ್ರಮಬದ್ಧ ಸ್ಟಾಪ್‌ಬಾರ್ ಕಂಟ್ರೋಲರ್ ಕೈಯಲ್ಲಿರುತ್ತದೆ. ಕೆಂಪು ಉರಿಯುತ್ತಿರುವಾಗ ಅದರಾಚೆಯ ಹಸಿರು ನಡುದೀಪಗಳು ಕನಿಷ್ಠ 90 ಮೀಟರ್ ದೂರ ಆರಿರಬೇಕು. ದಾಟುವ ಅನುಮತಿ ಕೊಟ್ಟಾಗ ಕೆಂಪು ಆರಿ ಹಸಿರು ಹೊತ್ತಿಕೊಳ್ಳುತ್ತದೆ. ಹೀಗೆ ಕಿವಿಗೆ ಬಿದ್ದ ಮಾತನ್ನು ಕಣ್ಣು ತಾಳೆ ನೋಡುತ್ತದೆ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಲಿನಾಟೆಯ ಆರ್6ರಲ್ಲಿದ್ದ ಕೆಂಪು ಸಾಲನ್ನು ಟವರ್‌ನಿಂದ ಆರಿಸಲು ಬರುತ್ತಿರಲಿಲ್ಲ. ಅನುಮತಿ ಇರಲಿ ಬಿಡಲಿ ಅದು ಉರಿಯುತ್ತಲೇ ಇರುತ್ತಿತ್ತು. ಅದರಾಚೆಗೂ ಹಸಿರು ದೀಪಗಳು ರನ್‌ವೇ ಕಡೆಗೆ ಕರೆದೊಯ್ಯುತ್ತಿದ್ದವು. ಅಂದರೆ ನ್ಯಾಯವಾದ ಅನುಮತಿ ಪಡೆದು ಅಲ್ಲಿ ದಾಟುತ್ತಿದ್ದ ಪ್ರತಿ ವಿಮಾನವೂ ಉರಿಯುವ ಕೆಂಪಿನ ಮೇಲೆಯೇ ಹಾದುಹೋಗಬೇಕಿತ್ತು. ಕೆಂಪಿನ ಅರ್ಥ ಸವೆಯಲು ಇಷ್ಟು ಸಾಕು. ‘ಮುಂದುವರಿಸಿ’ ಎಂಬ ಮಾತು ಕಿವಿಯಲ್ಲಿದ್ದ ಸೆಸ್ನಾ ಸಿಬ್ಬಂದಿ ನಿಲುಗಡೆಯ ಗೆರೆಗಳನ್ನೂ ಕೆಂಪು ದೀಪಗಳನ್ನೂ ದಾಟಿ, ಹಸಿರು ಸಾಲು ಹಿಡಿದು ರನ್‌ವೇ ಮೇಲೆ ಬಂದರು.

ಪೈಲಟ್‌ಗಳಿಗೆ ನಿಯಮ ಸರಳವಾಗಿದೆ. ಉರಿಯುತ್ತಿರುವ ಸ್ಟಾಪ್‌ಬಾರ್ ದಾಟಬಾರದು. ಬಾಯಿಮಾತಿನ ಅನುಮತಿ ಸಿಕ್ಕಿದ್ದರೂ ದಾಟಬಾರದು. ‘ಅನುಮತಿ ಕೊಟ್ಟಿದ್ದೀರಿ, ಕೆಂಪು ದೀಪ ಇನ್ನೂ ಉರಿಯುತ್ತಿದೆ’ ಎಂದು ಹೇಳಿ ನಿಂತಿರಬೇಕು. ದೀಪ ಕೆಟ್ಟಿದ್ದರೆ ಅದಕ್ಕೆಂದೇ ಬೇರೆ ಕ್ರಮವಿರುತ್ತದೆ, ಅದನ್ನು ಕಂಟ್ರೋಲರ್ ಬಿಡಿಸಿ ಹೇಳುತ್ತಾರೆ. ಆ ಮುಂಜಾನೆ ಇಷ್ಟೊಂದು ಮಾತು ರೇಡಿಯೊದಲ್ಲಿ ಬಂದಿದ್ದರೆ ಕಂಟ್ರೋಲರ್ ‘ಯಾವ ದೀಪ?’ ಎಂದು ಕೇಳದೆ ಇರುತ್ತಿರಲಿಲ್ಲ.

ನೆಲದ ಗೆರೆಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ಮಂಜಿನಲ್ಲಿ ಕೊನೆಗೆ ಉಳಿಯುವುದು ಅವೇ. ರನ್‌ವೇಗೆ ಅತಿ ಹತ್ತಿರದ ನಿಲುಗಡೆ ಗುರುತಿನಲ್ಲಿ ನಾಲ್ಕು ಹಳದಿ ಅಡ್ಡಗೆರೆಗಳು: ಎರಡು ಅಖಂಡ, ಎರಡು ತುಂಡುತುಂಡು. ಅಖಂಡ ಗೆರೆಗಳು ನಿಮ್ಮ ಕಡೆಗಿದ್ದರೆ ನಿಲ್ಲಬೇಕು. ತುಂಡುಗೆರೆಗಳು ನಿಮ್ಮ ಕಡೆಗಿದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ. ಕಡಿಮೆ ಗೋಚರತೆಗೆಂದು ಇನ್ನೂ ಹಿಂದೆ ಬರೆದಿರುವ ನಿಲುಗಡೆ ಗುರುತು ಏಣಿಯ ಹಾಗೆ ಕಾಣುತ್ತದೆ. ಪಕ್ಕದ ಹಲಗೆಗಳಲ್ಲಿ ಕೆಂಪು ಹಿನ್ನೆಲೆಯ ಬಿಳಿ ಅಕ್ಷರ ಕಡ್ಡಾಯದ ಸೂಚನೆ, ಕಪ್ಪು ಹಿನ್ನೆಲೆಯ ಹಳದಿ ಅಕ್ಷರ ‘ನೀವಿರುವುದು ಇಲ್ಲಿ’, ಹಳದಿ ಹಿನ್ನೆಲೆಯ ಕಪ್ಪು ಅಕ್ಷರ ‘ಆ ಕಡೆ ಹೋದರೆ ಅದು’.

ಕೇಳಿಸಿಕೊಳ್ಳದ ಇನ್ನೊಂದು ವಿಮಾನ

ಇಷ್ಟೆಲ್ಲ ನಡೆಯುವಾಗ ಕೋಪನ್‌ಹೇಗನ್‌ಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ 686ನೇ ವಿಮಾನ, ಅಂದರೆ ಆ ಎಂಡಿ-87, ಟವರ್‌ನ ಫ್ರೀಕ್ವೆನ್ಸಿಯಲ್ಲಿತ್ತು, ಸೆಸ್ನಾ ಗ್ರೌಂಡ್‌ನ ಫ್ರೀಕ್ವೆನ್ಸಿಯಲ್ಲಿ. ‘ರನ್‌ವೇ ಹತ್ತಿರ’ ಎಂಬ ಮಾತು ರನ್‌ವೇಯ ಆ ತುದಿಯಲ್ಲಿದ್ದವರ ಕಿವಿಗೆ ಬೀಳುವಂತಿರಲಿಲ್ಲ. ಗ್ರೌಂಡ್ ಫ್ರೀಕ್ವೆನ್ಸಿಯಲ್ಲೇ ಇದ್ದ ಇನ್ನೊಂದು ಸಣ್ಣ ವಿಮಾನದ ಜೊತೆ ಕಂಟ್ರೋಲರ್ ಇಟಾಲಿಯನ್ ಭಾಷೆಯಲ್ಲಿ ಮಾತಾಡುತ್ತಿದ್ದರು, ಸೆಸ್ನಾ ಜೊತೆ ಇಂಗ್ಲಿಷಿನಲ್ಲಿ. ಬೇರೆಯವರ ಮಾತು ಕೇಳಿ ಯಾರು ಎಲ್ಲಿದ್ದಾರೆಂಬ ಚಿತ್ರ ಕಟ್ಟಿಕೊಳ್ಳುವುದು ಪೈಲಟ್‌ಗಳ ದೊಡ್ಡ ಆಸರೆ. ಎರಡು ಫ್ರೀಕ್ವೆನ್ಸಿ, ಎರಡು ಭಾಷೆಯಾದಾಗ ಆ ಆಸರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಟವರ್‌ನ ಕಿಟಕಿಯಾಚೆ ಬರೀ ಬಿಳುಪು. ಹಳೆಯ ನೆಲದ ರಾಡಾರ್ ಅನ್ನು 1999ರ ನವೆಂಬರ್‌ನಲ್ಲೇ ಸೇವೆಯಿಂದ ತೆಗೆದಿದ್ದರು. ಅದರ ಜಾಗಕ್ಕೆ ಬಂದ ಹೊಸದರ ಜೋಡಣೆ ಮುಗಿದಿರಲಿಲ್ಲ. ರನ್‌ವೇ ಕಡೆಗೆ ಯಾರಾದರೂ ನುಗ್ಗಿದರೆ ಎಚ್ಚರಿಸಬೇಕಿದ್ದ ಚಲನೆಯ ಸೆನ್ಸರ್‌ಗಳನ್ನು, ಪ್ರಾಣಿಗಳೂ ವಾಹನಗಳೂ ಓಡಾಡಿ ಸುಳ್ಳು ಗಂಟೆ ಹೊಡೆಸುತ್ತವೆಂದು ನಿಷ್ಕ್ರಿಯ ಮಾಡಿದ್ದರು. ಸೆಸ್ನಾ ಸಿಬ್ಬಂದಿಗೆ 550 ಮೀಟರಿಗಿಂತ ಕಡಿಮೆ ಗೋಚರತೆಯಲ್ಲಿ ಇಳಿಯುವ ಅರ್ಹತೆ ಇರಲಿಲ್ಲ, ಆದರೂ ಅದೇ ಮುಂಜಾನೆ ಅವರು ಲಿನಾಟೆಗೆ ಬಂದಿಳಿದಿದ್ದರು. ಕಣ್ಣಿಗೆ ಕಾಣದ, ಯಂತ್ರವೂ ತೋರಿಸದ ಆ ನಿಲ್ದಾಣದಲ್ಲಿ ವಿಮಾನಗಳು ಎಲ್ಲಿವೆ ಎಂಬುದಕ್ಕೆ ಇದ್ದ ಏಕೈಕ ಸಾಧನ ರೇಡಿಯೊದ ಮಾತು. ಆ ಮಾತು ಎಸ್4 ಎಂದಿತ್ತು.

8 ಗಂಟೆ 10 ನಿಮಿಷಕ್ಕೆ ಎಂಡಿ-87, ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ, ಮೂಗು ಎತ್ತುವ ಹಂತದಲ್ಲಿ ಸೆಸ್ನಾಗೆ ಬಡಿಯಿತು. ಎಂಡಿ-87ರ ಬಲ ಎಂಜಿನ್ ಮತ್ತು ಬಲಗಡೆಯ ಮುಖ್ಯ ಚಕ್ರ ಕಿತ್ತುಹೋದವು. ಕೆಲವೇ ಸೆಕೆಂಡು ಗಾಳಿಯಲ್ಲಿದ್ದ ವಿಮಾನ ಮತ್ತೆ ನೆಲಕ್ಕೆ ಬಿದ್ದು ಜಾರುತ್ತಾ ಸಾಮಾನು ವಿಂಗಡಿಸುವ ಕಟ್ಟಡಕ್ಕೆ ಅಪ್ಪಳಿಸಿತು. ಎಂಡಿ-87ರಲ್ಲಿದ್ದ 110 ಜನ, ಸೆಸ್ನಾದ ನಾಲ್ವರು, ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರು ತೀರಿಕೊಂಡರು. ಸೆಸ್ನಾ ರನ್‌ವೇ ಮೇಲೆ ಉರಿಯುತ್ತಿದ್ದರೂ ಮಂಜಿನಲ್ಲಿ ಅದು ಯಾರ ಕಣ್ಣಿಗೂ ಬಹಳ ಹೊತ್ತು ಬೀಳಲಿಲ್ಲ. ರಕ್ಷಣಾ ವಾಹನಗಳು ಕಟ್ಟಡದ ಬೆಂಕಿಯತ್ತ ಓಡಿದ್ದವು. ಎರಡನೆಯ ವಿಮಾನವೊಂದಿದೆ ಎಂಬುದೇ ಆಗ ಗೊತ್ತಿರಲಿಲ್ಲ.

ಇಟಲಿಯ ವಿಮಾನ ಸುರಕ್ಷತಾ ತನಿಖಾ ಸಂಸ್ಥೆ ಎಎನ್‌ಎಸ್‌ವಿ 2004ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಸೆಸ್ನಾ ರನ್‌ವೇಗೆ ನುಗ್ಗಿದ್ದು ತಕ್ಷಣದ ಕಾರಣ ಎನ್ನುತ್ತಲೇ, ಗುರುತುಗಳು, ದೀಪಗಳು, ನಕ್ಷೆಗಳು, ರೇಡಿಯೊ ಶಿಸ್ತು, ಇಲ್ಲದ ರಾಡಾರ್, ಇವೆಲ್ಲವನ್ನೂ ಅದು ಲೆಕ್ಕಕ್ಕೆ ತಂದಿತು. ಯುರೋಪಿನಲ್ಲಿ ರನ್‌ವೇ ನುಗ್ಗುವಿಕೆ ತಡೆಯುವ ಕ್ರಿಯಾಯೋಜನೆ 2003ರಲ್ಲಿ ಬಂದಿತ್ತು. ಪ್ರತಿ ನಿಲ್ದಾಣದಲ್ಲೂ ಪೈಲಟ್‌ಗಳು, ಕಂಟ್ರೋಲರ್‌ಗಳು, ನಿಲ್ದಾಣದ ನಿರ್ವಾಹಕರು ಒಟ್ಟಿಗೆ ಕೂರುವ ರನ್‌ವೇ ಸುರಕ್ಷತಾ ತಂಡ ಇರಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. ಅಂಥ ತಂಡ ಮಾಡಬಹುದಾದ ಅತಿ ಅಗ್ಗದ ಕೆಲಸವೆಂದರೆ, ಕಂಟ್ರೋಲರ್‌ ಒಬ್ಬರನ್ನು ವಾಹನದಲ್ಲಿ ಕೂರಿಸಿಕೊಂಡು, ನಕ್ಷೆ ಕೈಯಲ್ಲಿ ಹಿಡಿದು, ಎಲ್ಲ ಟ್ಯಾಕ್ಸಿವೇಗಳ ಮೇಲೆ ನಿಧಾನಕ್ಕೆ ಓಡಾಡಿ, ನೆಲದ ಮೇಲಿರುವ ಪ್ರತಿ ಅಕ್ಷರವೂ ನಕ್ಷೆಯಲ್ಲಿದೆಯೇ, ನಕ್ಷೆಯಲ್ಲಿರುವ ಪ್ರತಿ ಅಕ್ಷರವೂ ನೆಲದ ಮೇಲಿದೆಯೇ ಎಂದು ಒಂದೊಂದಾಗಿ ಟಿಕ್ ಹಾಕುವುದು. ಒಂದು ಸಲ ಹಗಲಲ್ಲಿ, ಇನ್ನೊಂದು ಸಲ ರಾತ್ರಿ ದೀಪಗಳೆಲ್ಲ ಉರಿಯುವಾಗ.